ಮೂರನೆಯ ಠಾಣೆಯ ವರದಿ

ಮಿಶ್ರಿಕೋಟಿ
ಸೋಮವಾರ, ೧೯ ಮೇ ೨೦೨೫

ತಾಯಿಯ ಸ್ಥಾನದಲ್ಲಿ ನಿಂತು ನನ್ನನ್ನು ಬೆಳೆಸಿದ ಮೈಲಾರಕ್ಕನಿಗೆ,

ತಮ್ಮ ಪುಂಡಲೀಕನ ನಮಸ್ಕಾರಗಳು. ಮೊದಲು ನಿನ್ನ ಆರೋಗ್ಯದ ಮಾತು. ಬಲಗಣ್ಣಿಗೆ ಕೊಟ್ಟ ಹನಿಯ ಔಷಧವನ್ನು ಎರಡು ಹೊತ್ತೂ ಬಿಟ್ಟುಕೊಳ್ಳುತ್ತಿರುವೆಯೋ, ಅಥವಾ ಹೋದ ಸಲದಂತೆ ಸೀಸೆಯನ್ನು ಗೋಡೆಯ ಗೂಡಿನಲ್ಲಿ ಭದ್ರವಾಗಿ ಕಾಯ್ದಿರಿಸಿರುವೆಯೋ? ಔಷಧವೆಂಬುದು ಉಪ್ಪಿನಕಾಯಿಯಲ್ಲ, ಇಟ್ಟಷ್ಟೂ ಮಾಗುವುದಕ್ಕೆ. ನವಲಗುಂದದ ಬಿಸಿಲು ಈ ವರ್ಷ ಹೇಗಿದೆ? ಎಮ್ಮೆ ಈಯಿತೆ? ಈದಿದ್ದರೆ ಗಿಣ್ಣದ ಮೊದಲ ಪಾಲು ಬಾಜೂ ಮನೆಯ ನಸೀಮಾಬಿಯವರಿಗೆ ಹೋಗಿರುತ್ತದೆಂದು ಬಲ್ಲೆ. ಎರಡನೆಯ ಪಾಲನ್ನಾದರೂ ನೀನು ತಿನ್ನು. ಇಲ್ಲಿ ಮಲ್ಲಮ್ಮ ಕ್ಷೇಮವಾಗಿದ್ದಾಳೆ. ಅವಳ ರಕ್ತದೊತ್ತಡವು ನಾನು ಮನೆಯಲ್ಲಿದ್ದಾಗ ಏರುತ್ತದೆ, ಹೊರಗೆ ಹೋದಾಗ ಇಳಿಯುತ್ತದೆ ಎಂದು ಅವಳೇ ವೈದ್ಯರಿಗೆ ಹೇಳಿದ್ದಾಳೆ. ನನ್ನ ಮೊಣಕಾಲು ಮೊದಲಿನಂತೆಯೇ ಇದೆ. ಅದರ ಬಗ್ಗೆ ಹೊಸದಾಗಿ ಬರೆಯುವಂಥದ್ದೇನೂ ಇಲ್ಲ.

ಇನ್ನು ಸಮಾಚಾರ. ಅಕ್ಕಾ, ನನ್ನ ಕೈ ಇಂದು ಸಾಲಿನ ಮೇಲೆ ನಿಲ್ಲದೆ ಓಡುತ್ತಿದೆ. ಅಕ್ಷರ ಕೆಟ್ಟಿದ್ದರೆ ಮನ್ನಿಸು. ನಮ್ಮ ಸವಿತಾ ಆಯ್ಕೆಯಾಗಿದ್ದಾಳೆ. ಕಲಘಟಗಿಯ ಹಾದಿಯಲ್ಲಿರುವ ಹೆಣ್ಣುಮಕ್ಕಳ ವಸತಿಶಾಲೆಗೆ ಅವಳನ್ನು ಮೇಲ್ವಿಚಾರಕಿಯೆಂದು ಆರಿಸಿದ್ದಾರೆ. ಅವರ ಪತ್ರದಲ್ಲಿ 'ಮೇಲ್ವಿಚಾರಕರು' ಎಂದಿತ್ತು. ಹುದ್ದೆಗೆ ಆ ರೂಪ ಸಲ್ಲುತ್ತದೆ, ಆದರೂ ನನ್ನ ಮಗಳ ಹೆಸರಿನ ಮುಂದೆ ನನಗೆ ಮೇಲ್ವಿಚಾರಕಿಯೇ ಬೇಕು. ಇರಲು ಅಲ್ಲಿಯೇ ಒಂದು ಕೋಣೆ, ಕೋಣೆಗೆ ಅವಳದೇ ಬೀಗದಕೈ. ಮದುವೆಯಾಗಿ ಹೋದ ಮನೆಯಲ್ಲಿ ಅವಳಿಗೆ ಪೆಟ್ಟಿಗೆಯ ಬೀಗದಕೈಯೂ ಇರಲಿಲ್ಲವೆಂಬುದನ್ನು ನೀನು ಬಲ್ಲೆ. ಈ ಸುದ್ದಿ ಬಂದ ದಿನ ಅವಳು ಇಡೀ ಪಡಸಾಲೆಯನ್ನು ಸಾರಿಸಿದಳು. ಮೂರು ದಿನದ ಹಿಂದಷ್ಟೇ ಮಲ್ಲಮ್ಮ ಸಾರಿಸಿದ್ದಳು. ಯಾರೂ ಅವಳನ್ನು ತಡೆಯಲಿಲ್ಲ.

ಸಂದರ್ಶನದ ಸಂಗತಿಯನ್ನು ನಿನಗೆ ಹೇಳಲೇಬೇಕು. ಬಂದವರಲ್ಲಿ ಇವಳಿಗಿಂತ ಹೆಚ್ಚು ಓದಿದವರು ಇದ್ದರು. ಸಮಿತಿಯ ಅಧ್ಯಕ್ಷೆ, ಒಬ್ಬ ವಯಸ್ಸಾದ ವೈದ್ಯೆ, ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿದರಂತೆ: "ಸಂಜಿಮುಂದ ಯಾವನರೆ ಗೇಟಿಗೆ ಬಂದು, ಇಂಥಾ ಹುಡಿಗಿ ಒಳಗ ಅದಾಳೇನು, ನಾ ಆಕಿ ಮಾವ ಅಂದ್ರ ಏನ್ ಮಾಡ್ತಿ?" ದಾಖಲೆ ನೋಡುತ್ತೇವೆ, ಮೇಲಿನವರಿಗೆ ಫೋನು ಮಾಡುತ್ತೇವೆ ಎಂದು ಉಳಿದವರು ಉತ್ತರಿಸಿದರು. ನಮ್ಮವಳು, "ಮೊದಲ ಇಲ್ಲ ಅಂತೇನ್ರಿ. ಆಮ್ಯಾಲ ನೀವ್ಯಾರು ಅಂತ ಕೇಳ್ತೇನ್ರಿ" ಎಂದಳು. "ಅಂದ್ರ ಸುಳ್ಳ ಹೇಳ್ತಿ?" ಎಂದು ಅಧ್ಯಕ್ಷೆ ಕೇಳಿದರು. ಅದಕ್ಕೆ ಇವಳು, "ಹೌದ್ರಿ. ನಮ್ಮ ಸೋದರತ್ತಿ ಹಂಗ ಹೇಳಿದ್ದಕ್ಕ ನಾ ಇವತ್ತ ಇಲ್ಲಿ ಕುಂತೇನ್ರಿ" ಎಂದಳಂತೆ. ಆಮೇಲೆ ಅವರು ಬೇರೆ ಪ್ರಶ್ನೆ ಕೇಳಲಿಲ್ಲ. ಜೀವನವಿಡೀ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಕಲಿಸಿದ ನಾನು ಈ ಉತ್ತರವನ್ನು ಕೇಳಿ, ಮಲ್ಲಮ್ಮನ ಎದುರಿಗೇ ಕಣ್ಣೊರೆಸಿಕೊಂಡೆ.

ಆದರೆ ಆಯ್ಕೆ ಬೇರೆ, ಆದೇಶ ಬೇರೆ. ಮಕ್ಕಳಿರುವ ಜಾಗದಲ್ಲಿ ಕೆಲಸ ಮಾಡುವವರಿಗೆ ಈಗ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಬೇಕು. ಇವರ ಮೇಲೆ ಯಾವ ಅಪರಾಧವೂ ಇಲ್ಲ, ಹೇಳಿದ ವಿಳಾಸಗಳಲ್ಲಿ ನಿಜವಾಗಿ ಇದ್ದವರೇ ಹೌದು ಎಂಬ ಬರಹ. ಈ ನಿಯಮವು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಮುಂದಿನ ಸೋಮವಾರ ಸಮಿತಿಯ ಸಭೆ. ಅಷ್ಟರೊಳಗೆ ಪ್ರಮಾಣಪತ್ರ ಅವರ ಮೇಜಿನ ಮೇಲಿದ್ದರೆ ಶಾಲೆ ತೆರೆಯುವ ದಿನ ಸವಿತಾ ಒಳಗಿರುತ್ತಾಳೆ. ಇಲ್ಲದಿದ್ದರೆ ಎರಡನೆಯ ಹೆಸರಿನವರನ್ನು ಕರೆಯುತ್ತಾರೆ. ಅಧ್ಯಕ್ಷೆ ಇದನ್ನು ಮರುಕದಿಂದಲೇ ಹೇಳಿದರು, ಆದರೆ ಹೇಳಿದರು. ಹುಡುಗಿಯರು ಬಂದಿಳಿಯುವ ದಿನ ಬಾಗಿಲಲ್ಲಿ ಯಾರಾದರೂ ಇರಲೇಬೇಕಷ್ಟೆ.

ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಹಾಕಿದಾಗ ಅಲ್ಲಿನವನು, "ಎರಡು ವಾರ್‍ದಾಗ ಬರ್ತೈತ್ರಿ ಸರ್, ಭಾಳಂದ್ರ ಮೂರು" ಎಂದಿದ್ದ. ಒಂದೇ ಊರಲ್ಲಿ ಹುಟ್ಟಿ, ಅಲ್ಲಿಯೇ ಕುಳಿತವರಿಗೆ ಅದು ನಿಜವಿರಬಹುದು. ಈಚಿನ ವರ್ಷಗಳಲ್ಲಿ ಎಲ್ಲೆಲ್ಲಿ ವಾಸವಿದ್ದರೋ ಅಲ್ಲಿನ ಪ್ರತಿಯೊಂದು ಠಾಣೆಯಿಂದಲೂ ವರದಿ ಬರಬೇಕು, ಎಲ್ಲವೂ ಧಾರವಾಡದ ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ಕೂಡಬೇಕು ಎಂಬುದು ನಮಗೆ ಆಮೇಲೆ ತಿಳಿಯಿತು. ಸವಿತಾಳಿಗೆ ಮೂರು ವಿಳಾಸಗಳು: ಬಿಟ್ಟುಬಂದ ಗಂಡನ ಊರು, ನವಲಗುಂದದ ನಿನ್ನ ಮನೆ, ಈಗ ಇರುವ ಈ ಮನೆ. ಮೂರು ಎತ್ತು ಕಟ್ಟಿದ ಬಂಡಿಯಂತೆ, ಯಾವುದೊಂದು ನಿಂತರೂ ಬಂಡಿ ನಿಲ್ಲುತ್ತದೆ.

ಮೊದಲು ನಿಂತದ್ದು ನಮ್ಮದೇ. ಇಲ್ಲಿಯ ಪೇದೆ ಬಂದ ದಿನ ನಾವೆಲ್ಲರೂ ದುಮ್ಮವಾಡದ ಲಗ್ನಕ್ಕೆ ಹೋಗಿದ್ದೆವು. ಮನೆಗೆ ಬೀಗ ಕಂಡು ಹಿಂದಿರುಗಿದರು. ಬಳಿಕ ಅವರನ್ನು ಯಾವುದೋ ಬಂದೋಬಸ್ತಿಗೆ ಕಳಿಸಿದರು. ನಮ್ಮ ಕಾಗದ ಅವರ ಚೀಲದಲ್ಲಿ ಊರೂರು ತಿರುಗಿತು. ಎರಡನೆಯ ಸಲ ಬಂದಾಗ ಎದುರು ಮನೆಯ ಸಣ್ಣಪ್ಪನನ್ನು ಕರೆದು ಹುಡುಗಿಯ ನಡತೆ ಹೇಗೆಂದು ಕೇಳಿದರು. ಸಣ್ಣಪ್ಪ ನನ್ನ ಮುಖವನ್ನೇ ನೋಡುತ್ತ, "ಅಗದಿ ಚಲೋ ಹುಡಿಗಿರಿ. ಬಾಯಿ ಒಂದು ಅವರಪ್ಪಂದ ಬಂದೈತಿ. ಅದಕ್ಕ ಆಕಿ ಏನ್ ಮಾಡ್ಯಾಳು?" ಎಂದ. ಪೇದೆ ನಗು ತಡೆದುಕೊಂಡು 'ನಡತೆ ಉತ್ತಮ' ಎಂದು ಬರೆದರು. ಮಲ್ಲಮ್ಮ ಅವರಿಗೆ ಇನ್ನೊಂದು ಲೋಟ ಚಹಾ ಕೊಟ್ಟಳು. ಅದು ಸಣ್ಣಪ್ಪನ ಮಾತಿಗೆ ಕೊಟ್ಟ ಬಹುಮಾನವೆಂದು ನನಗೆ ಚೆನ್ನಾಗಿ ಗೊತ್ತು.

ಎರಡನೆಯ ತಡೆ ಗಂಡನ ಊರಿನದು. ಸವಿತಾ ಮನೆಬಿಟ್ಟಾಗ, ಆಭರಣ ಕದ್ದು ಓಡಿದಳೆಂದು ಅವರು ದೂರು ಕೊಟ್ಟಿದ್ದರಲ್ಲ, ಅದು ಸುಳ್ಳೆಂದು ತೀರ್ಮಾನವಾಗಿ ಮುಕ್ತಾಯಗೊಂಡು ಕಾಲವಾಗಿತ್ತು. ಆದರೆ ಮುಕ್ತಾಯದ ಆದೇಶದ ಪ್ರತಿ ಠಾಣೆಗೆ ತಲುಪಿರಲಿಲ್ಲವಾಗಿ, ಹುಡುಕಿದವರಿಗೆ ದೂರು ಮಾತ್ರ ಕಾಣಿಸುತ್ತಿತ್ತು, ಅದರ ಅಂತ್ಯ ಕಾಣಿಸುತ್ತಿರಲಿಲ್ಲ. ನಾನು ನ್ಯಾಯಾಲಯದಿಂದ ದೃಢೀಕೃತ ಪ್ರತಿಯನ್ನು ಪಡೆದು ನನ್ನ ಕೈಯಾರೆ ಒಪ್ಪಿಸಿ ಬಂದೆ. ಅಲ್ಲಿಯ ಠಾಣಾಧಿಕಾರಿ ಸಭ್ಯರು. ಅಂದೇ ವರದಿ ಕಳಿಸಿದರು. 'ಯಾವುದೇ ಪ್ರಕರಣ ಬಾಕಿ ಇಲ್ಲ' ಎಂಬ ವಾಕ್ಯವನ್ನು ನಾನು ಓದಿದೆ. ನಾಲ್ಕೇ ಪದಗಳು, ಒಂದೂ ತಪ್ಪಿಲ್ಲ. ಮನೆಗೆ ಬರುವವರೆಗೆ ಅದನ್ನೇ ಮನಸ್ಸಿನಲ್ಲಿ ಓದಿಕೊಂಡೆ.

ಹೀಗೆ ಎರಡು ಎತ್ತು ಎದ್ದವು. ಮೂರನೆಯ ವರದಿ ಏಕೆ ಬರಲಿಲ್ಲವೆಂದು ಕೇಳಲು ಮೊನ್ನೆ ಶುಕ್ರವಾರ ಧಾರವಾಡಕ್ಕೆ ಹೋದೆ. ಅಲ್ಲಿ ಈ ಕಾಗದಗಳನ್ನು ನೋಡುವವಳು ರುಬಿಯಾ ಎಂಬ ತರುಣಿ, ಚುರುಕು ಹುಡುಗಿ. ಸವಿತಾಳ ಹೆಸರು ಹೇಳುತ್ತಲೇ ಅವಳು ನಗುತ್ತ ಬಾಯಿಗೆ ಸೆರಗು ಹಿಡಿದಳು. "ಸರ್, ವರದಿ ಬಂದೈತ್ರಿ. ಸದರಿ ಹೆಸರಿನವರು ಸದರಿ ಮನೆಯಲ್ಲಿ ಎಂದೂ ವಾಸವಿರಲಿಲ್ಲವೆಂದು ಮನೆಯ ಹಿರಿಯರೇ ತಿಳಿಸಿರುತ್ತಾರೆ ಅಂತ ಐತ್ರಿ" ಎಂದಳು. ನಾನು ಕುರ್ಚಿ ಕೇಳಿ ಕುಳಿತುಕೊಂಡೆ. ನಿಮ್ಮ ಕಡೆಯ ಪೇದೆಯ ಹೆಸರು ಹುಲಿಗೆಪ್ಪ. ಸಾದಾ ಉಡುಪಿನಲ್ಲಿ, ಮೋಟರ್ ಸೈಕಲ್ ಮೇಲೆ ಬಂದಿದ್ದನಂತೆ. ಉಳಿದದ್ದನ್ನು ರುಬಿಯಾಳ ಮಾತಿನಲ್ಲಿಯೇ ಬರೆಯುತ್ತೇನೆ: "ಠಾಣೆದಿಂದ ಬಂದೇನಿ ಅಂತ ಕಾರ್ಡು ತೋರಿಸ್ಯಾನ್ರಿ. ಅಜ್ಜಿ ಅದನ್ನ ಹಿಂದ ಮುಂದ ತಿರುವಿ ನೋಡಿ, 'ಇಂಥಾವು ಹಿಂದನೂ ಬಂದಿದ್ದುವಪಾ. ಬಿಸಲಾಗ ಬಂದೀದಿ, ನೀರ ಕುಡಿ, ಹಾದಿ ಹಿಡಿ' ಅಂದಾರಂತ. ಬಾಜೂ ಮನಿಯಾಕಿನ್ನ ಕೇಳಿದ್ರ, 'ಮೈಲಾರವ್ವ ಇಲ್ಲಂದ್ರ ಇಲ್ಲ' ಅಂತ ಬಾಗಲಾ ಹಾಕ್ಕೊಂಡ್ರಂತ."

ಆ 'ಮನೆಯ ಹಿರಿಯರು' ಯಾರು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರನ್ನು ತಿದ್ದುವ ಅಧಿಕಾರವೂ ನನಗಿಲ್ಲ. ನನಗೆ ಅ ಆ ತೀಡಿಸಿದವರೇ ಅವರು. ಅಲ್ಲಿ ಕುಳಿತಾಗ ನನಗೆ ನೆನಪಾದದ್ದು ಆ ಚಳಿಗಾಲ. ನಸುಕಿನ ಬಸ್ಸಿಗೆ ಸವಿತಾ ಒಂದೇ ಚೀಲ ಹಿಡಿದು ನಿನ್ನ ಹೊಸ್ತಿಲಿಗೆ ಬಂದದ್ದು, ಮರುವಾರವೇ ಅವಳ ಮೈದುನ ಕಳಿಸಿದ ಗಂಡಸು ಮೋಟರ್ ಸೈಕಲ್ ಮೇಲೆ ಬಂದು, ತಾನು ಠಾಣೆಯವನೆಂದು ಸುಳ್ಳು ಹೇಳಿದ್ದು, ಅವಳು ಜೋಳದ ಚೀಲಗಳ ಹಿಂದೆ ಉಸಿರು ಹಿಡಿದು ಕುಳಿತದ್ದು, ನೀನು ರೊಟ್ಟಿ ಬಡಿಯುವ ಕೈಯಲ್ಲೇ ಬಾಗಿಲಿಗೆ ಬಂದು, "ಈ ಮನ್ಯಾಗ ಅಂಥಾಕಿ ಯಾರೂ ಇಲ್ಲ, ಇದ್ದೂ ಇಲ್ಲ" ಎಂದದ್ದು. ಅಂದು ನಾನೇ ನಿನಗೆ ಬರೆದಿದ್ದೆ: 'ಸವಿತಾಳ ವಿಷಯದಲ್ಲಿ ನನ್ನ ಕೈಬರಹವಿಲ್ಲದೆ ಯಾರ ಮಾತನ್ನೂ ನಂಬಬೇಡ, ಫೋನಿನಲ್ಲಿ ನನ್ನ ಧ್ವನಿಯನ್ನೂ ನಂಬಬೇಡ.' ನೀನು ಪಾಲಿಸುತ್ತಲೇ ಇದ್ದೀ. ವಿಚ್ಛೇದನವಾದ ಮೇಲೆ ಆ ಮಾತನ್ನು ಹಿಂದಕ್ಕೆ ಪಡೆಯಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ರುಬಿಯಾಳಿಗೆ ಇದಿಷ್ಟನ್ನೂ ಹೇಳಿದೆ. ಈ ಸಲ ಅವಳು ನಗಲಿಲ್ಲ. "ನಮ್ಮ ಮನ್ಯಾಗೂ ಇಂಥಾ ಅಜ್ಜಿ ಒಬ್ಬಾಕಿ ಇರಬೇಕಿತ್ರಿ" ಎಂದಳು. ಅದೇ ಕ್ಷಣ ಮರುಪರಿಶೀಲನೆಗೆ ಟಿಪ್ಪಣಿ ಬರೆದಳು.

ಈ ಪತ್ರವನ್ನು ಅಂಚೆಗೆ ಹಾಕಿದರೆ ತಡವಾದೀತೆಂದು ನಮ್ಮೂರ ರಸೂಲಸಾಬನ ಕೈಯಲ್ಲಿ ಕೊಡುತ್ತಿದ್ದೇನೆ. ಅವನು ಜಮಖಾನೆ ಕೊಳ್ಳಲು ನವಲಗುಂದಕ್ಕೆ ಬರುತ್ತಿದ್ದಾನೆ. ಉಂಡೇ ಹೋಗಲೆಂದು ಒತ್ತಾಯಿಸು, ಸಂಕೋಚದ ಮನುಷ್ಯ. ನಸೀಮಾಬಿಯವರಿಗೆ ನನ್ನ ಸಲಾಮು ತಿಳಿಸು. ಅವರಂಥ ನೆರೆಯವರು ಸಿಗುವುದು ಪುಣ್ಯ, ಪೊಲೀಸರಿಗೆ ಅದು ಪುಣ್ಯವಲ್ಲದಿದ್ದರೂ. ಮಲ್ಲಮ್ಮ ನಿನ್ನ ಪಾದ ಮುಟ್ಟಿದ್ದಾಳೆಂದು ಬರೆಯಲು ಹೇಳಿದಳು, ಬರೆದಿದ್ದೇನೆ. ನಿನ್ನ ಕೈ ನಮ್ಮೆಲ್ಲರ ತಲೆಯ ಮೇಲೆ ಇನ್ನೂ ಬಹುಕಾಲ ಇರಲಿ.

ನಿನ್ನ ತಮ್ಮ,
ಪುಂಡಲೀಕ

ತಾ.ಕ.: ರಸೂಲಸಾಬ ಬಾಗಿಲಲ್ಲಿ ಗಾಡಿ ಚಾಲೂ ಮಾಡಿ ನಿಂತಿದ್ದಾನೆ, ಆದ್ದರಿಂದ ಅವಸರದಲ್ಲಿ. ಇದೇ ಗುರುವಾರ ಹುಲಿಗೆಪ್ಪ ಮತ್ತೆ ನಿನ್ನ ಮನೆಗೆ ಬರುತ್ತಾನೆ. ನಾನಾಗಲಿ ಸವಿತಾಳಾಗಲಿ ಅಲ್ಲಿರಕೂಡದಂತೆ. "ನೀವು ಬಾಜೂಕ ನಿಂತ್ರ ಅದು ವಿಚಾರಣೆ ಅನ್ನಸಂಗಿಲ್ರಿ" ಎಂದಳು ರುಬಿಯಾ. ಆದ್ದರಿಂದ ನನ್ನ ಕೈಬರಹವೇ ಬರುತ್ತಿದೆ. ನಿನಗೆ ಸುಳ್ಳು ಹೇಳಿಕೊಡುತ್ತಿಲ್ಲ ಅಕ್ಕಾ. ನಿಜ ಹೇಳಲು ಬಿಡುಗಡೆ ಕೊಡುತ್ತಿದ್ದೇನೆ. ಎರಡು ವರ್ಷ ನಿನ್ನ ಮನೆಯಲ್ಲೇ ಇದ್ದಳೆಂದು ಹೇಳು. ನಸೀಮಾಬಿಯವರಿಗೂ ಹೇಳಿಸು. ಈ ಸಲ ಅವನು ಖಾಕಿ ಉಡುಪಿನಲ್ಲಿಯೇ ಬರಬೇಕೆಂದು ರುಬಿಯಾ ಟಿಪ್ಪಣಿಯಲ್ಲಿ ಸೇರಿಸಿದ್ದಾಳೆ. ಸವಿತಾ ನನ್ನ ಭುಜದ ಮೇಲಿಂದ ಇದನ್ನು ಓದುತ್ತಿದ್ದಾಳೆ, ಎಷ್ಟು ಗದರಿದರೂ ಹೋಗುತ್ತಿಲ್ಲ. ಹೀಗೆ ಬರೆಯಬೇಕಂತೆ: "ಖಾಕಿ ಇಲ್ಲದ ಬಂದ್ರ ಬಾಗಲಾ ತಗೀಬ್ಯಾಡ, ನನ್ನ ನೌಕರಿ ಹೋದ್ರ ಹೋಗ್ಲಿ. ಖಾಕಿ ಹಾಕ್ಕೊಂಡ ಬಂದ್ರ ಹೌದಪಾ ಅನ್ನು. ಅತ್ತಿ ಇಲ್ಲ ಅಂದಾಗ ನಾ ಇರಲಿಲ್ಲ. ಅತ್ತಿ ಅದಾಳ ಅಂದ್ರ, ಅದೇನಿ."