ಇರ್ವಿನ್ ಹೆಸರಿನಲ್ಲಿ ಬಂದ ಜಿಪ್ ಫೈಲು

ಮಾರ್ಚ್ 6, ಸೋಮವಾರ

ಬೆಳಗಿನಿಂದ ಮೇಲ್ ಸೋಸುವ ಕೆಲಸ. ಕಾಣೆಯಾದವರ ತಾಯಂದಿರ ಸಂಘಕ್ಕೆ ಏನೇನೋ ಬರುತ್ತದೆ — ಫೋಟೊ, ಪ್ರಾರ್ಥನೆ, ಬೈಗುಳ. ಇವತ್ತು ಒಂದು ಜಿಪ್ ಫೈಲು. ಕಳಿಸಿದವರ ಹೆಸರಿಲ್ಲ. ‘ಇರ್ವಿನ್ ಫೋಟೊಗಳು’ ಎಂದಷ್ಟೇ. ಇರ್ವಿನ್ ನಮ್ಮ ಸಂಘದ ಹಿರಿಯಮ್ಮ ದೋನ್ಯಾ ಚೋಲೆಯ ಮಗ. ಹೋದ ವರ್ಷ ವೆರಾಕ್ರೂಸ್‌ಗೆ ಹೋಗುವ ಬಸ್ ಹತ್ತಿದವನು ಮನೆಗೆ ಬರಲೇ ಇಲ್ಲ.

ಬಿಚ್ಚಲಿಲ್ಲ. ಒಳಗಿನ ಫೈಲುಗಳ ಹೆಸರನ್ನಷ್ಟೇ ಓದಿದೆ. ಮೂರು ಫೋಟೊ, ಸರಿ. ನಾಲ್ಕನೆಯದರ ಹೆಸರೇ ಕೆಟ್ಟದ್ದು — ಚುಕ್ಕಿ ಚುಕ್ಕಿ ಓರೆಗೆರೆ, ಮತ್ತೆ ಚುಕ್ಕಿ ಚುಕ್ಕಿ ಓರೆಗೆರೆ. ‘ಮೇಲಿನ ಫೋಲ್ಡರಿಗೆ ಹತ್ತು’ ಎಂದು ಕಂಪ್ಯೂಟರಿಗೆ ಹೇಳುವ ಗುರುತು. ಬಿಚ್ಚಿದ ಕೂಡಲೇ ಅದು ತನ್ನ ಫೋಲ್ಡರ್ ದಾಟಿ, ನಮ್ಮ ಸರ್ವರ್ ಕಂಪ್ಯೂಟರು ದಿನಾ ಓಡಿಸುವ ಪ್ರೋಗ್ರಾಮಿನ ಜಾಗದಲ್ಲಿ ಹೋಗಿ ಕೂರುತ್ತದೆ. ಆಮೇಲೆ ಸರ್ವರ್ ಕಳಿಸಿದವರ ಕೈಗೆ. ಕಾಣೆಯಾದವರ ಬಗ್ಗೆ ಸಾಕ್ಷಿ ಹೇಳಿದವರ ವಿಳಾಸಗಳೆಲ್ಲ ಅಲ್ಲೇ ಇವೆ...

ಮಾರ್ಚ್ 7

ಆಫೀಸು ನೋಡಿಕೊಳ್ಳುವ ಫೆರ್ಮಿನ್ ಫೈಲಿನ ವಿಷಯ ಬಾಯಿ ಬಿಟ್ಟಿದ್ದಾನೆ. ದೋನ್ಯಾ ಚೋಲೆ ಬೆಳಿಗ್ಗೆಯೇ ಬಂದು ಕೂತರು, ಟಮಾಲೆ ಕಡುಬಿನ ಪೊಟ್ಟಣ ಹಿಡಿದು.

“ತೆಗಿ ಮಗಳೇ.”

“ಈ ಮಷಿನ್ನಲ್ಲಿ ಆಗಲ್ಲ ದೋನ್ಯಾ. ಅದರಲ್ಲಿ ವಿಷ ಇಟ್ಟಿದಾರೆ.”

“ವಿಷ ಆದ್ರೆ ನಾನ್ ಕುಡೀತೀನಿ. ನಿಂಗೇನು?”

“ನೀವೊಬ್ರೇ ಕುಡಿಯೋದಾದ್ರೆ ಈಗ್ಲೇ ಕೊಡ್ತಿದ್ದೆ. ಸಾಕ್ಷಿ ಹೇಳಿದ ಎಲ್ವಿರಾ ಮನೆಗೂ ಹೋಗತ್ತೆ ಅದು. ಅವಳ ಮಕ್ಕಳಿಗೂ.”

“ನೀನು ಹೆತ್ತಿಲ್ಲ. ಅದಕ್ಕೇ ಇಷ್ಟು ತಾಳ್ಮೆ.”

ಟಮಾಲೆ ಬಿಟ್ಟು ಹೋದರು. ತಿನ್ನಲಾಗಲಿಲ್ಲ.

ಫೆರ್ಮಿನ್ ಹತ್ತಿರ ಬಂದ. “ನನ್ನ ಲ್ಯಾಪ್‌ಟಾಪಲ್ಲಿ ಒಂದ್ ಸಲ...”

“ಅದನ್ನೂ ಸರ್ವರ್‌ಗೇ ಜೋಡಿಸಿದೆಯಲ್ಲೋ! ಮುಟ್ಟಿದ್ರೆ ಕೈ ಮುರೀತೀನಿ.”

ಮಾರ್ಚ್ 10, ಶುಕ್ರವಾರ

ಬರೆಯಲು ಬಿಡುವಾಗಲಿಲ್ಲ. ಹಳೆಯ ಕಂಪ್ಯೂಟರ್ ಒಂದರಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟಿದೆ. ನೆಟ್ ಇಲ್ಲ, ವೈಫೈ ಕಾರ್ಡು ಕಿತ್ತೆ. ಬಿಚ್ಚುವ ಪ್ರೋಗ್ರಾಮೂ ನನ್ನದೇ: ಜಿಪ್ ಹೇಳಿದ ಹೆಸರು ಬೇಡ, ನಾನು ಕೊಟ್ಟ ಹೆಸರಿಡು. ಫೋಲ್ಡರ್ ದಾಟುವುದನ್ನು ಬಿಸಾಡು. ಬಿಚ್ಚುವಾಗ ಫೈಲು ಮಿತಿ ಮೀರಿ ಉಬ್ಬಿದರೆ ನಿಲ್ಲಿಸು.

ನಾಲ್ಕನೆಯದನ್ನು ಬಿಸಾಡಿತು. ಫೋಟೊ ಎಂದಿದ್ದವುಗಳಲ್ಲಿ ಎರಡು ಫೋಟೊಗಳೇ ಅಲ್ಲ. ಒಂದು ಉಳಿಯಿತು. ಇರ್ವಿನ್‌ನನ್ನು ಹುಡುಕಲು ನಾವು ಹಾಕಿದ್ದ ಪೋಸ್ಟರಿನ ಫೋಟೊವನ್ನೇ ಗಾಳಕ್ಕೆ ಸಿಕ್ಕಿಸಿರಬೇಕು ಎಂದುಕೊಂಡಿದ್ದೆ.

ಅಲ್ಲ.

ಅದೇ ದಿನ, ಸಂಜೆ

ದೋನ್ಯಾ ಚೋಲೆಯನ್ನು ಕರೆಸಿದೆ. ಪರದೆಯ ಹತ್ತಿರ ಮುಖ ತಂದರು. ಇರ್ವಿನ್ ಯಾವುದೋ ಗೋಡೆಗೊರಗಿ ಕೂತಿದ್ದಾನೆ. ಗಾಜಿನ ಮೇಲೆ ಅವನ ಕೆನ್ನೆ ಸವರಿದರು. ಆಮೇಲೆ ನಕ್ಕುಬಿಟ್ಟರು.

“ಗಡ್ಡ ಬಿಟ್ಟಿದಾನೆ ನೋಡು, ಕಳ್ಳ! ಮನೇಲಿ ಒಂದಿನ ಬಿಟ್ಟವನಲ್ಲ.”

ಫೆರ್ಮಿನ್ ಕಿಟಕಿಯ ಕಡೆ ತಿರುಗಿದ.

“ಅಂದ್ರೆ ಹೋದ್ಮೇಲೂ ಬದುಕಿದ್ದ, ಅಲ್ವಾ ಮಗಳೇ? ಇಷ್ಟುದ್ದ ಬೆಳೆಯೋಕೆ ತಿಂಗಳಾದ್ರೂ ಬೇಕು.”

“ಹೌದು ದೋನ್ಯಾ.”

“ಕಳಿಸಿದವನು ಪುಣ್ಯಾತ್ಮ. ಅವನಿಗೆ ಉತ್ತರ ಬರಿ. ನಾನ್ ಹೇಳ್ತೀನಿ.”

ಪುಣ್ಯಾತ್ಮ! ವಿಷ ಇಟ್ಟ ಕೈಯೇ ಈ ಫೋಟೊ ಇಟ್ಟದ್ದು. ಇದು ಬೇರೆಲ್ಲೂ ಇಲ್ಲದ ಫೋಟೊ. ಬೇರೆ ಯಾರ ಹತ್ತಿರ ಇರಲು ಸಾಧ್ಯ?

“ಸ್ವಾಮಿ, ನಿಮ್ಮ ಮಕ್ಕಳು ಮರಿ ತಣ್ಣಗಿರಲಿ...” ಅವರು ಹೇಳುತ್ತಾ ಹೋದರು. ನಾನು ಟೈಪ್ ಮಾಡುತ್ತಾ ಹೋದೆ.

ಕಳಿಸಿಲ್ಲ. ಸೋಮವಾರ ಬಂದು ಉತ್ತರ ಬಂತಾ ಎನ್ನುತ್ತಾರೆ. ಆಗ ಹೇಳಲೇಬೇಕು — ದೋನ್ಯಾ, ಇದನ್ನು ಕಳಿಸಿದವನು ಪುಣ್ಯಾತ್ಮನಲ್ಲ, ನಿಮ್ಮ ಮಗನನ್ನು ಹಿಡಿದುಕೊಂಡು ಹೋದವನೇ.