ಮಾತಿಲ್ಲದ ಕ್ಷೌರ

ಫೆಬ್ರವರಿ 3, ಬೆಳಗ್ಗೆ
ಚಡ್ಡಿ ಒಗೆದು ಬಕೆಟ್ಟಿನ ಹಿಂದೆ ಹರವಿದೆ. ಮತ್ತೆ ಕೀವು, ಸ್ವಲ್ಪ ರಕ್ತ. ಕಪ್ಪು ಪ್ಯಾಂಟ್, ಸೊಂಟಕ್ಕೆ ಸ್ವೆಟರ್. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋಗಬೇಕು. ಕ್ಲಾಸಿನಲ್ಲಿ ಒಂದು ಪಕ್ಕಕ್ಕೆ ವಾಲಿ ಕೂರುತ್ತೇನೆಂದು ಹುಡುಗರು 'ಸೊಟ್ಟ' ಅಂತ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ನಿಜ ಗೊತ್ತಾದರೆ ಇದಕ್ಕಿಂತ ಕೆಟ್ಟದ್ದು ಇಡುತ್ತಾರೆ.

ಅಪ್ಪನಿಗೂ ಹೇಳಿಲ್ಲ. ದೊಡ್ಡಪ್ಪನ ಮಗನಿಗೆ ಬೆನ್ನಿನ ಬುಡದಲ್ಲಿ ಇಂಥದೇ ಹುಣ್ಣಾಗಿ, ಆಸ್ಪತ್ರೆಯಲ್ಲಿ ಅಗಲಕ್ಕೆ ಕೊಯ್ದು, ಗಾಯ ತೆರೆದೇ ಬಿಟ್ಟಿದ್ದರು. ತಿಂಗಳುಗಟ್ಟಲೆ ಬೋರಲು ಮಲಗಿದ್ದ. ಆ ವರ್ಷದ ಓದೇ ಹೋಯಿತು. ನನ್ನಿಂದಾಗದು.

ಫೆಬ್ರವರಿ 11
ಜ್ವರ. ಹಾಸಿಗೆಯ ಬಟ್ಟೆ ಬದಲಿಸಲು ಬಂದ ಅಪ್ಪ ಕಲೆ ನೋಡಿಬಿಟ್ಟ. ನೆಲ ಬಿರಿದು ನುಂಗಬಾರದೇ ಅನ್ನಿಸಿತು.

"ಯಾವಾಗಿಂದ?"

"ಒಂಬತ್ತನೇ ಕ್ಲಾಸಿಂದ."

ಈಗ ಹನ್ನೊಂದನೇ ಕ್ಲಾಸು. ಅಪ್ಪ ಬೈಯಲಿಲ್ಲ. ಅಂಗಡಿಗೆ ಬೀಗ ಹಾಕಿ ಬಂದು ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರಮ್ಮ ಕೀವು ತೆಗೆದರು. "ಇದು ಕೊಳಕಿನಿಂದ ಬರೋದಲ್ಲಪ್ಪ. ಬೆನ್ನಿನ ಕೊನೇಲಿ, ಕುಂಡಿ ಸೀಳು ಶುರುವಾಗೋ ಜಾಗದಲ್ಲಿ ಕೂದಲು ಒಳಕ್ಕೆ ನುಗ್ಗತ್ತೆ. ನಿನ್ನ ವಯಸ್ಸಲ್ಲಿ ಎಷ್ಟೋ ಜನಕ್ಕಾಗತ್ತೆ. ಪೈಲೊನೈಡಲ್ ಅಂತಾರೆ."

ಅದಕ್ಕೊಂದು ಹೆಸರೂ ಇದೆ!

ಮಾರ್ಚ್ 6
ಆಪರೇಷನ್ ಆಯಿತು. ಆ ಜಾಗ ಮಾತ್ರ ಮರಗಟ್ಟಿಸಿ, ಸಣ್ಣ ತೂತು ಕೊರೆದು, ಒಳಗಿನ ಕೂದಲು ತೆಗೆದರು. ಕಾಳಿನಷ್ಟು ಗಾಯ. ನಡೆದೇ ಮನೆಗೆ ಬಂದೆ.

ಖುಷಿಯಾಗಬೇಕಿತ್ತು... ಸಿಟ್ಟು ಬಂತು. ಇಷ್ಟಕ್ಕಾಗಿ ಈಜು ಬಿಟ್ಟೆ, ಗೆಳೆಯರನ್ನು ಬಿಟ್ಟೆ. ದಿಂಬಿಗೆ ಮುಖ ಒತ್ತಿ ಅತ್ತೆ.

ಗಾಯ ಮಾಗಿದ ಮೇಲೆ ಅಲ್ಲಿನ ಕೂದಲು ವಾರವಾರ ತೆಗೆಯಬೇಕಂತೆ. ಇಲ್ಲದಿದ್ದರೆ ಮತ್ತೆ ಬರಬಹುದು. ನನ್ನ ಕಣ್ಣಿಗೆ ಕಾಣದ ಜಾಗ. "ಮನೇಲಿ ಯಾರಾದ್ರೂ ಮಾಡಬಲ್ಲರಾ?" ಅಂದರು ಡಾಕ್ಟರಮ್ಮ.

"ನಾನು ಕ್ಷೌರಿಕ," ಅಂದ ಅಪ್ಪ.

ಏಪ್ರಿಲ್ 2
ಅಂಗಡಿಗೆ ರಜೆ. ಶಟರ್ ಇಳಿಸಿ, ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಬೋರಲು ಮಲಗಿದೆ. ನನ್ನಪ್ಪ ಮಹಾ ಬಾಯಿಬಡುಕ. ಹವಾಮಾನ, ರಾಜಕೀಯ, ಪಕ್ಕದ ಬೀದಿಯ ಜಗಳ — ಕೈಗೆ ಕತ್ತರಿ ಬಂದರೆ ಬಾಯಿ ನಿಲ್ಲದು. ಇವತ್ತು ತುಟಿಪಿಟಿಕ್ಕೆನ್ನಲಿಲ್ಲ. ಮುಗಿಸಿ ಬಹಳ ಹೊತ್ತು ಕೈ ತೊಳೆದ.

ಅಸಹ್ಯವಾಗಿರಬೇಕು.

ಏಪ್ರಿಲ್ 9
ಇವತ್ತೂ ಮೌನ. ಇನ್ನು ಸಾಕು. ಕನ್ನಡಿ ಹಿಡಿದು ನಾನೇ ಮಾಡಿಕೊಳ್ಳುತ್ತೇನೆ.

ಮೇ 7
ಓದೋದಿದೆ ಅಂದೆ, ತಲೆನೋವು ಅಂದೆ, ಹೇಗೋ ಅಪ್ಪನಿಂದ ತಪ್ಪಿಸಿಕೊಂಡೆ. ನಾನೇ ಮಾಡಿಕೊಳ್ಳಲು ಹೋಗಿ ಗೀರಿಕೊಂಡೆ. ಇವತ್ತು ಡಾಕ್ಟರಮ್ಮ ನೋಡಿ, "ಮತ್ತೆ ಕೂದಲು ಸೇರ್ತಿದೆ. ಯಾಕೆ ನಿಲ್ಲಿಸಿದ್ರಿ?" ಅಂದರು. ಅಪ್ಪ ತಲೆ ತಗ್ಗಿಸಿದ.

ದಾರಿಯಲ್ಲಿ ಬಾಯಿಬಿಟ್ಟೆ. "ನಿಂಗೆ ಹೇಸಿಗೆ ಆಗತ್ತಲ್ಲ, ಅದಕ್ಕೆ."

ಫುಟ್‌ಪಾತಿನಲ್ಲೇ ನಿಂತುಬಿಟ್ಟ. "ಹೇಸಿಗೇನಾ? ಭಯ ಕಣೋ! ಎಷ್ಟು ಜನರ ಗಂಟಲ ಮೇಲೆ ಕತ್ತಿ ಆಡಿಸಿದೀನಿ, ಒಂದ್ಸಲಾನೂ ಕೈ ನಡುಗಿಲ್ಲ. ನಿನ್ನ ಗಾಯ ಕಂಡ್ರೆ ನಡುಗತ್ತೆ. ಮಾತಾಡ್ತಾ ಎಲ್ಲಿ ಕುಯ್ದುಬಿಡ್ತೀನೋ ಅಂತ ಉಸಿರು ಬಿಗಿಹಿಡ್ಕೊಂಡು..."



ಅದೇ ದಿನ, ಸಂಜೆ
ಬೆಂಚಿನ ಮೇಲೆ ಮಲಗಿದೆ. ಟ್ರಿಮ್ಮರ್ ಶುರುವಾಯಿತು. ಅಪ್ಪ ಸುಮ್ಮನೆ.

ಈ ಸಲ ನಾನೇ ಮಾತು ತೆಗೆದೆ. ಬಸ್ಸಿನಲ್ಲಿ ನಿಂತು ಹೋದದ್ದು, ಚಡ್ಡಿ ಬಚ್ಚಿಟ್ಟದ್ದು, ಈಜು ಬೇಜಾರು ಅಂತ ಸುಳ್ಳು ಹೇಳಿದ್ದು. ಅಪ್ಪ "ಹ್ಞೂಂ" ಅನ್ನುತ್ತಿದ್ದ. ಆಮೇಲೆ ಟ್ರಿಮ್ಮರಿನ ಸದ್ದು ನಿಂತಿತು. ತಿರುಗಿ ನೋಡಲು ಹೋದೆ.

"ಅಲುಗಾಡಬೇಡ," ಅಂದ, ಮೂಗೆಳೆದುಕೊಳ್ಳುತ್ತ. "ಹೇಳು, ಮುಂದೆ ಹೇಳು."

ಹೇಳಿದೆ. ಮೊದಲ ದಿನದ ನೋವಿನಿಂದ ಹಿಡಿದು ಇವತ್ತಿನವರೆಗೆ, ಎಲ್ಲ.