ಮಗು ಎಂಬ ಮಾತು

ಆಗಸ್ಟ್ 31, ಸೋಮವಾರ

ಇದು ಕಳ್ಳತನ. ಅಪ್ಪ ತೀರಿಕೊಂಡು ವರ್ಷವಾಯಿತು. ಇನ್ನು ಹನ್ನೆರಡು ದಿನಕ್ಕೆ ಚಿಕ್ಕಪ್ಪ ಜಿವಾನಾಯಿ ನಮ್ಮ ಮನೆ, ಹೊಲ, ನಾಲ್ಕು ದನ ತೆಗೆದುಕೊಳ್ಳುತ್ತಾನೆ. ಜೊತೆಗೆ ಅಮ್ಮನನ್ನೂ. ಊರು ಇದನ್ನು ಸಂಪ್ರದಾಯ ಅನ್ನುತ್ತದೆ. ನಾನು ಕಳ್ಳತನ ಅಂತಲೇ ಬರೆಯುತ್ತೇನೆ. ಇಲ್ಲಿಯಾದರೂ.

ಬೆಳಿಗ್ಗೆ ಹೆಂಡಕ್ಕೆ ರಾಗಿ ನೆನೆಹಾಕಿದೆ. ಮೊಳಕೆ ಬರಬೇಕು, ಒಣಗಬೇಕು, ಮಿಲ್ಲಿಗೆ ಹೋಗಬೇಕು, ಆಮೇಲೆ ಏಳು ದಿನ ಹುಳಿ ಬರಬೇಕು. ನಮ್ಮನ್ನು ದೋಚುವವರಿಗೆ ಹೆಂಡ ಕಾಯಿಸುವವರೂ ನಾವೇ.

ಹನ್ನೆರಡನೇ ತಾರೀಖು ಹಿರಿಯರು ಅಂಗಳದಲ್ಲಿ ಕೂರುತ್ತಾರೆ. ಅಪ್ಪನ ಕೋಲನ್ನು ಅಮ್ಮನ ಕೈಗೆ ಕೊಡುತ್ತಾರೆ. ಅವಳು ಮೊಣಕಾಲೂರಿ ಅದನ್ನು ಯಾವ ಮೈದುನನ ಮುಂದೆ ಇಡುತ್ತಾಳೋ ಅವನು ಅವಳ ಗಂಡ, ಮನೆಯ ಯಜಮಾನ. ಆಯ್ಕೆ ಅವಳದೇ ಅಂತೆ. ಅಪ್ಪನಿಗೆ ಇರುವುದು ಒಬ್ಬನೇ ತಮ್ಮ.

ಹಾಸಿಗೆ ಕೆಳಗೆ ಐದು ಪುಸ್ತಿಕೆಗಳಿವೆ. ‘ವಿಧವೆ ಮತ್ತು ಮನೆ’ — ಹನ್ನೊಂದನೇ ಪುಟ ಬಾಯಿಪಾಠ. ಹೊಸ ಕಾನೂನು, ಮನೆ ಹೆಂಡತಿಯದು. ಅಮ್ಮನಿಗೆ ಓದಿ ಹೇಳಿದೆ. ಆ ದಿನ ಅಂಗಳಕ್ಕೆ ಬರಲೇಬೇಡ, ಮುಟಾರೆ ಪಟ್ಟಣದ ಕೋರ್ಟಿಗೆ ಹೋಗೋಣ ಅಂದೆ. ಅವಳು ಕಡಲೆಕಾಯಿ ಸುಲಿಯುತ್ತಲೇ ಇದ್ದಳು.

“ಕೋರ್ಟು ಇರೋದು ಮುಟಾರೇಲಿ. ನಾನು ನೀರು ತರೋದು ಇಲ್ಲಿ.”

ಸೆಪ್ಟೆಂಬರ್ 3, ಗುರುವಾರ

ಚರ್ಚಿನಲ್ಲಿ ಹೆಂಗಸರ ಕೂಟ. ಎಲ್ಲರಿಗೂ ಕೂಟದ ಉಡುಪು, ಕೆಂಪು ರವಿಕೆ, ಬಿಳಿ ಟೋಪಿ. ಪಾದ್ರಿಯಮ್ಮ ಗ್ವೆಂಜಿ ತಮ್ಮ ಹಳೇ ಪಿಕಪ್ಪಿನಲ್ಲಿ ಬಂದರು. ಈ ಕಡೆಯ ಹನ್ನೊಂದು ಚರ್ಚುಗಳಿಗೆ ಅವರೇ ಮೇಲಿನವರು. ಹೋದ ತಿಂಗಳು ಮಲಾವಿ, ಅದಕ್ಕೆ ಮುಂಚೆ ಜಾಂಬಿಯಾ, ಟಾಂಜಾನಿಯಾ. ಎಲ್ಲಿ ಹೋದರೂ ಅದೇ ಕೆಲಸ — ಹೆಂಗಸರನ್ನು ಸೇರಿಸುವುದು, ಊರಿಗೊಂದು ಬೀಜದ ಕಣಜ ಮಾಡಿಸುವುದು, ಸಹಿ ಹಾಕಲು ಕಲಿಸುವುದು, ಗಂಡಂದಿರ ಕೈಲಿ ಉಯಿಲು ಬರೆಸುವುದು. ಅಪ್ಪ ಮಾತ್ರ ಬರೆಯಲಿಲ್ಲ. ಉಯಿಲು ಬರೆದರೆ ಸಾವು ವಿಳಾಸ ಕೇಳಿಕೊಂಡು ಬರುತ್ತದೆ ಎಂದು ನಕ್ಕಿದ್ದ.

ಪಾದ್ರಿಯಮ್ಮ ಕೋರ್ಟಿನ ಮಾತಾಡುತ್ತಾರೆ ಅಂದುಕೊಂಡಿದ್ದೆ. ಅವರು ಅಮ್ಮನಿಗೆ, ಅಂಗಳಕ್ಕೆ ಹೋಗು, ಕೋಲನ್ನು ನ್ಯಾರಾಯಿಯ ಮುಂದೆ ಇಡು ಅಂದರು.

ಅಂದರೆ ನನ್ನ ಮುಂದೆ.

ಆ ದಿನ ಎಸ್ನಾತ್ ಅತ್ತೆ, ಅಪ್ಪನ ಅಕ್ಕ, ಕೋಲು ಕೊಡುವಾಗ ಹಳೇ ಮಾತೊಂದನ್ನು ಹೇಳಬೇಕು: ಇದನ್ನು ಮನೆಯ ಗಂಡಸರಿಗೆ ಕೊಡು, ಇಲ್ಲವೇ ನಿನ್ನ ಮಗುವಿಗೆ ಕೊಡು. ಮಗುವಿಗೆ ಕೊಟ್ಟರೆ ಅರ್ಥ — ನನಗೆ ಇನ್ನೊಬ್ಬ ಗಂಡ ಬೇಡ, ಈ ಮನೆಯಲ್ಲೇ ಮಗುವಿನ ಜೊತೆ ಇರುತ್ತೇನೆ. ಇದುವರೆಗೆ ಗಂಡುಮಕ್ಕಳಿದ್ದ ತಾಯಂದಿರಷ್ಟೇ ಹಾಗೆ ಮಾಡಿದ್ದಾರೆ.

“ಮಾತಲ್ಲಿರೋದು ಮ್ವಾನಾ,” ಅಂದರು ಪಾದ್ರಿಯಮ್ಮ. “ಮ್ವಾನಾ ಅಂದ್ರೆ ಮಗು. ಗಂಡು ಅಂತಾನೂ ಇಲ್ಲ, ಹೆಣ್ಣು ಅಂತಾನೂ ಇಲ್ಲ. ಹೇಳದೇ ಇರೋದನ್ನ ನಾವ್ಯಾಕೆ ಕೇಳಿಸ್ಕೋಬೇಕು?”

ಹೆಂಗಸರೆಲ್ಲ ನಕ್ಕರು. ಹನ್ನೆರಡನೇ ತಾರೀಖಿನವರೆಗೆ ಈ ಮಾತು ಈ ರವಿಕೆಗಳ ಒಳಗೇ ಇರಲಿ ಅಂದರು ಪಾದ್ರಿಯಮ್ಮ.

ನನಗೆ ಸಿಟ್ಟು ಬಂತು. ನ್ಯಾಯವಾಗಿ ನಮ್ಮದಾಗಿದ್ದನ್ನು ಪದ ಹಿಡಿದು ಉಪಾಯದಿಂದ ಯಾಕೆ ತೆಗೆದುಕೊಳ್ಳಬೇಕು ಅಂತ ಎಲ್ಲರ ಎದುರೇ ಕೇಳಿದೆ.

“ಆ ಪುಸ್ತಿಕೆಗಳನ್ನ ತರಿಸಿ ಹಂಚಿದ್ದು ನಾನೇ ಕಣಮ್ಮ,” ಅಂದರು. “ಮನೆ ನಿಮ್ಮದು ಅಂತ ಅದು ಹೇಳುತ್ತೆ. ಆ ಮನೇಲಿ ಕಣ್ಣು ಮುಚ್ಚಿ ನಿದ್ದೆ ಮಾಡೋಕೆ ಊರು ಒಪ್ಪಬೇಕು.”

ದಾರಿಯುದ್ದಕ್ಕೂ ವಾದಿಸುತ್ತ ಬಂದೆ, ಮನಸ್ಸಿನಲ್ಲೇ. ಹಳ್ಳ ದಾಟುವಾಗ ಹೊಳೆಯಿತು. ಕೋಲು ತೆಗೆದುಕೊಳ್ಳಬೇಕಾದವಳು ನಾನು. ಎಲ್ಲ ಗಂಡಸರ ಮುಂದೆ. ವಾದ ಅಲ್ಲೇ ನಿಂತಿತು.

ಸೆಪ್ಟೆಂಬರ್ 5, ಶನಿವಾರ

ಹಾಳು ಮಾಡಿದೆ. ನಾನೇ.

ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದೆ. ಚಿಕ್ಕಪ್ಪನೂ ಸಾಲಿನಲ್ಲಿದ್ದ, ಸೈಕಲ್ಲಿಗೆ ಒರಗಿಕೊಂಡು.

“ನ್ಯಾರಾಯಿ ಅಂದ್ರೆ ನಾಚಿಕೆ ಪಡು ಅಂತ,” ಅಂದ, ಎಲ್ಲರಿಗೂ ಕೇಳುವ ಹಾಗೆ. “ನಮ್ಮಣ್ಣ ಹೆಸರಿಟ್ಟ, ನಾಚಿಕೆ ಕೊಡೋದು ಮರೆತ.”

ಸಾಲು ನಕ್ಕಿತು. ರಾಗಿ ನಯವಾಗಿ ಬೀಸಿಸು ಮಗಳೇ, ಮುಂದಿನ ಶನಿವಾರದಿಂದ ನಾನೇ ನಿನ್ನಪ್ಪ ಅಂದ. ಅಷ್ಟು ಸಾಕಾಯಿತು.

“ಕೋಲು ನನಗೆ ಬರುತ್ತೆ. ನಾನೂ ಮ್ವಾನಾನೇ.”

ಅವನ ನಗು ನಿಂತಿತು. ನನ್ನನ್ನೇ ನೋಡಿದ. ತನ್ನ ಜೋಳದ ಚೀಲ ಅಲ್ಲೇ ಬಿಟ್ಟು ಸೈಕಲ್ ಹತ್ತಿ ಹೋದ — ಹಿರಿಯರ ಮನೆಗಳಿರುವ ಕಡೆಗೆ.

ಬೈದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 9, ಬುಧವಾರ. ಮಧ್ಯಾಹ್ನ

ಮೂರು ದಿನ ಬರೆಯಲಾಗಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ಇವತ್ತು ಚಿಕ್ಕಪ್ಪನೇ ಬಂದು ಹೇಳಿದ.

ಅಪ್ಪನ ಪೀಠದ ಮೇಲೆ ಕೂತ. ಸಾಡ್ಜಾ ಮುದ್ದೆ ಮುಂದಿಟ್ಟರೆ ಮುಟ್ಟಲಿಲ್ಲ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ಒಂದು ಕಡ್ಡಿ ಗೀರಿದ, ಉರಿಯುವುದನ್ನು ನೋಡಿದ, ಊದಿದ. ಇನ್ನೊಂದು. ಸೂರಿನ ಹುಲ್ಲು ಎಷ್ಟು ವರ್ಷದ್ದು ಅತ್ತಿಗೆ ಅಂತ ಕೇಳಿದ. ಅಮ್ಮ, ಐದು ಅಂದಳು. “ಚೆನ್ನಾಗಿ ಒಣಗಿದೆ,” ಅಂದ.

ಆಮೇಲೆ ಹೇಳಿದ, ಹವಾಮಾನದ ಸುದ್ದಿ ಹೇಳುವ ಹಾಗೆ. ಎಸ್ನಾತ್ ಅಕ್ಕನಿಗೆ ಹೇಳಿಯಾಗಿದೆ, ಅವಳು ‘ಮಗು’ ಅನ್ನುವುದಿಲ್ಲ, ‘ಗಂಡುಮಗ’ ಅನ್ನುತ್ತಾಳೆ. ಒಂದೇ ಒಂದು ಪದ, ಸರಿಮಾಡಿಸಿದ್ದೇನೆ. ಒಪ್ಪದಿದ್ದರೆ ಗಂಟುಮೂಟೆ ಕಟ್ಟಿಡಿ.

ಹೋದ ಮೇಲೆ ನೆಲದಲ್ಲಿ ಏಳು ಕರಿ ಕಡ್ಡಿ. ತಂಗಿ ಚೆನಾಯಿ ಆಟಕ್ಕೆ ಆರಿಸಿಕೊಳ್ಳಲು ಹೋದಳು. ಅಮ್ಮ ಅವಳ ಕೈ ತಟ್ಟಿ ಗುಡಿಸಿ ಹಾಕಿದಳು.

ಪುಸ್ತಿಕೆಗಳನ್ನು ತೆಗೆದು ನೋಡಿದೆ. ಬೆಂಕಿಕಡ್ಡಿಯ ಬಗ್ಗೆ ಯಾವುದರಲ್ಲೂ ಇಲ್ಲ.

ಸೆಪ್ಟೆಂಬರ್ 10, ಗುರುವಾರ

ಪಾದ್ರಿಯಮ್ಮನಿಗೆ ಎಲ್ಲ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಯಾರ ಮುಂದೆ ಬಾಯಿಬಿಟ್ಟೆ ಅಂತ ಕೇಳಿದರು. ಮಿಲ್ಲಿನಲ್ಲಿದ್ದ ಎಲ್ಲರ ಮುಂದೆ ಅಂದೆ. ಬಯ್ಯಲಿಲ್ಲ.

ಅತ್ತೆಯನ್ನು ಹೋಗಿ ಕೇಳಿಕೊಳ್ಳಲೇ ಅಂದೆ. ಬೇಡ ಅಂದರು. ಅತ್ತೆಯೂ ಹಿಂದೆ ಇದೇ ಕೂಟದವಳಂತೆ. ಗಂಡ ಸತ್ತ ಮೇಲೆ ಮೈದುನನ ಮೂರನೇ ಹೆಂಡತಿಯಾದಳು. ಅವನು ಆ ಕೆಂಪು ರವಿಕೆಯನ್ನು ಮಡಿಸಿ ಚರ್ಚಿಗೆ ವಾಪಸ್ ಕಳಿಸಿದ. ಅದು ಇನ್ನೂ ಚರ್ಚಿನ ಬೀರುವಿನಲ್ಲಿದೆಯಂತೆ.

“ಅವಳನ್ನ ಆ ಕಡೆ ಅವನು, ಈ ಕಡೆ ನಾವು ಎಳೆಯೋದು ಬೇಡ,” ಅಂದರು. “ಆ ಸೂರಿನ ಮಾತು ನನಗೆ ಬಿಡು.”

ಶನಿವಾರ ಬೆಳಿಗ್ಗೆ ಎಲ್ಲರೂ ತಲೆ ಮೇಲೆ ಒಂದೊಂದು ಬಕೆಟ್ ನೀರು ಹೊತ್ತು ಬನ್ನಿ ಅಂತ ಕೂಟಕ್ಕೆ ಹೇಳಿದರು. ಯಾರೂ ನಗಲಿಲ್ಲ.

ಸೆಪ್ಟೆಂಬರ್ 12, ಶನಿವಾರ. ಸಂಜೆ ಐದು

ಕ್ರಮವಾಗಿ ಬರೆಯುತ್ತೇನೆ.

ಮೂವತ್ತೆರಡು ಹೆಂಗಸರು. ಮನೆಯ ಸುತ್ತ ಗೋಡೆಗೆ ಒರಗಿ ಕೂತರು, ಮುಂದೆ ತುಂಬಿದ ಬಕೆಟ್ಟು. ಪಾದ್ರಿಯಮ್ಮನೂ ಅವರ ಸಾಲಿನಲ್ಲೇ, ನೆಲದ ಮೇಲೆ. ಚರ್ಚು ಸ್ನಾನಕ್ಕೆ ಬಂದಿದೆಯಾ ಅಂತ ಚಿಕ್ಕಪ್ಪ ಕೇಳಿದ. ಅವನ ಕೈ ಜೇಬಿನಲ್ಲಿತ್ತು.

ಊರ ಮುಖ್ಯಸ್ಥ ಮುದುಕ ಮರೂಫು ಹೆಂಡದ ಮೊದಲ ಗುಟುಕು ಕುಡಿದ. ಎಸ್ನಾತ್ ಅತ್ತೆ ಕೋಲು ಹಿಡಿದು ಎದ್ದಳು. ಎದುರಿಗೇ ಚಿಕ್ಕಪ್ಪ, ಕಣ್ಣು ಮಿಟುಕಿಸದೆ.

“ಇದನ್ನ ಮನೆ ಗಂಡಸರಿಗೆ ಕೊಡು,” ಅಂದಳು ಅತ್ತೆ. “ಇಲ್ಲವೇ ನಿನ್ನ…”

ನಿಲ್ಲಿಸಿದಳು. ಕೆಂಪು ರವಿಕೆಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

“ಇಲ್ಲವೇ ನಿನ್ನ ಮಗುವಿಗೆ ಕೊಡು.”

“ಗಂಡುಮಗ ಅನ್ನು,” ಅಂದ ಚಿಕ್ಕಪ್ಪ.

“ನನಗೆ ಬರೋ ಮಾತು ಇಷ್ಟೇ ಕಣೋ. ನನಗೂ ಹೀಗೇ ಹೇಳಿದ್ರು. ಆಗ ನನ್ನ ಹತ್ರ ಮಗು ಇರಲಿಲ್ಲ.”

ಅಮ್ಮ ಕೋಲು ತೆಗೆದುಕೊಂಡಳು. ಮೊಣಕಾಲಿನಲ್ಲೇ ನಡೆದಳು. ಚಿಕ್ಕಪ್ಪನ ಮುಂದೆ ಬಂದಾಗ ನಿಲ್ಲಲಿಲ್ಲ. ನನ್ನ ಮುಂದೆ ಇಟ್ಟಳು. ನಾನು ಅಂಗೈ ಗುಳಿ ಮಾಡಿ, ಹೆಂಗಸರು ತಟ್ಟುವ ಹಾಗೆ, ಚಪ್ಪಾಳೆ ತಟ್ಟಿ ಸ್ವೀಕರಿಸಬೇಕಿತ್ತು. ತಟ್ಟಿದೆ. ಸದ್ದೇ ಬರಲಿಲ್ಲ. ಎರಡೂ ಕೈ ಬೆವರಿನಿಂದ ಒದ್ದೆ. ಗೋಡೆಯ ಕಡೆಯಿಂದ ಹೆಂಗಸರು ನನಗಾಗಿ ತಟ್ಟಿದರು.

ಹಿರಿಯರಲ್ಲಿ ಗಲಾಟೆ. ಮರೂಫು ಬಹಳ ಹೊತ್ತು ನೆಲ ಕೆದಕಿದ. ಗಂಡೋ ಹೆಣ್ಣೋ ಅಂತ ಇದುವರೆಗೆ ಯಾರೂ ಕೇಳಿರಲಿಲ್ಲ, ಇದು ನನ್ನ ಕೈಮೀರಿದ್ದು, ನಾಡಿನ ದೊರೆಯೇ ತೀರ್ಮಾನಿಸಲಿ ಅಂದ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ. ಅಲ್ಲಿಯವರೆಗೆ ಕೋಲು ನನ್ನ ಬಳಿ. ಕೋಲು ಹಿಡಿದವರೇ ಬಂದು ಮಾತಾಡಬೇಕು. ಬರದಿದ್ದರೆ ಕೋಲೂ ಮನೆಯೂ ಜಿವಾನಾಯಿಗೆ.

ಎದ್ದು ಹೋಗುವಾಗ ಚಿಕ್ಕಪ್ಪ ನನ್ನ ಪಕ್ಕ ಬಗ್ಗಿದ.

“ಮಂಗಳವಾರಕ್ಕೆ ಇನ್ನೂ ಮೂರು ದಿನ ಇದೆ, ಮಗಳೇ.”

ಜೇಬಿನಲ್ಲಿ ಕಡ್ಡಿಗಳ ಸದ್ದು.

ಸೆಪ್ಟೆಂಬರ್ 13, ಭಾನುವಾರ. ಮಧ್ಯಾಹ್ನ ಮೂರು

ಚರ್ಚು ಮುಗಿದ ಮೇಲೆ ಪಾದ್ರಿಯಮ್ಮ ಕೈ ಹಿಡಿದುಕೊಂಡರು. ಮಂಗಳವಾರ ಬರುವುದಿಲ್ಲವಂತೆ. “ನಾನು ಬಾಯಿಬಿಟ್ರೆ ಕೋಲು ಚರ್ಚಿನದಾಗುತ್ತೆ. ನಾವು ಬಕೆಟ್ ಇಟ್ಕೊಂಡು ನಿಮ್ಮ ಮನೆ ಕಾಯ್ತೀವಿ. ಅಮ್ಮ, ಚೆನಾಯಿ ನಮ್ಮ ಜೊತೆ ಇರಲಿ. ನೀನು ಹೋಗಿ ಬಾ.”

ದೊರೆಯ ಅಂಗಳಕ್ಕೆ ಆರು ಮೈಲಿ. ದಾರಿ ಹಳ್ಳದಲ್ಲಿ ಇಳಿದು ಚಿಕ್ಕಪ್ಪನ ಹೊಲದ ಅಂಚಿನಲ್ಲೇ ಹತ್ತುತ್ತದೆ. ಬೇರೆ ದಾರಿ ಇಲ್ಲ. ಭಯವಾಗುತ್ತದೆ ಅಂತ ಅವರಿಗೆ ಹೇಳಿದೆ. ಜೀವನದಲ್ಲಿ ಮೊದಲ ಸಲ ಯಾರಿಗಾದರೂ ಹಾಗೆ ಹೇಳಿದ್ದು. ನನಗೂ ಆಗುತ್ತೆ ಅಂದರು.

ಅಲ್ಲಿ ಏನು ಹೇಳಲಿ ಅಂತ ಊಟದ ನಂತರ ಬರೆಯಲು ಕೂತೆ. ಹನ್ನೊಂದನೇ ಪುಟದ ಒಂದು ಸಾಲೂ ನೆನಪಾಗುತ್ತಿಲ್ಲ. ಅತ್ತೆಯ ದನಿ ಮಾತ್ರ ಕೇಳಿಸುತ್ತಿದೆ.

ಕೋಲು ತೊಡೆಯ ಮೇಲಿದೆ. ಹಿಡಿಯ ತಾಮ್ರದ ತಂತಿಯಲ್ಲಿ ಅಪ್ಪನ ಹೆಬ್ಬೆರಳು ಸವೆಸಿದ ಗುಳಿ. ನನ್ನ ಬೆರಳು ಅದನ್ನು ತುಂಬುವುದಿಲ್ಲ.

ಬೇಲಿಯಾಚೆ ಚಿಕ್ಕಪ್ಪನ ಸೈಕಲ್ಲು ಮೂರನೇ ಸಲ ಹೋಯಿತು. ಗಂಟೆ ಬಾರಿಸುವುದಿಲ್ಲ. ಹೋಗುತ್ತದೆ, ಬರುತ್ತದೆ.

ಈಗಷ್ಟೇ ಮರೂಫುವಿನ ಆಳು ಚೀಟಿ ಕೊಟ್ಟು ಹೋದ. ಮುದುಕನ ಕೈಬರಹ. ಹಾಗೇ ಇಳಿಸಿಕೊಳ್ಳುತ್ತೇನೆ, ಚೀಟಿ ಕಳೆದರೂ ಇಲ್ಲಿ ಇರಲಿ: ದೊರೆಯ ಅಂಗಳ, ಮುಹಾಚಾ ಮರದ ಕೆಳಗೆ. ಮಂಗಳವಾರ, ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ. ಕೋಲು ಹಿಡಿದ ಮಗು ಬಂದು ಮಾತಾಡತಕ್ಕದ್ದು. ಮುದುಕ ‘ಮಗು’ ಅಂತಲೇ ಬರೆದಿದ್ದಾನೆ.